ಆರೋಗ್ಯ ಕಾಯುವ ವಿದ್ಯೆ: ಮದೀನಾದಿಂದ ಬೀದರಿನವರೆಗೆ

ಕಳೆದ ತಿಂಗಳ ಒಂದು ಜುಮಾದಲ್ಲಿ ನಮ್ಮ ಖತೀಬರು ಹೊಟ್ಟೆಯ ಮೂರು ಪಾಲುಗಳ ಹದೀಸನ್ನು ವಿವರಿಸಿದರು. ಒಂದು ಪಾಲು ಅನ್ನಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ. ಮಿಕ್ದಾಮ್ ಬಿನ್ ಮಅದೀಕರಿಬ್(ರ) ವರದಿ ಮಾಡಿರುವ, ತಿರ್ಮಿದಿಯಲ್ಲಿರುವ ಈ ಹದೀಸ್ ನಮಗೆಲ್ಲ ಚಿಕ್ಕಂದಿನಿಂದಲೂ ಗೊತ್ತು. ನಮಾಝ್ ಮುಗಿಸಿ ಹೊರಬಂದಾಗ ಗೇಟಿನ ಬಳಿ ಒಬ್ಬರು ಮೇಜು ಹಾಕಿಕೊಂಡು ಕಲೋಂಜಿ ಎಣ್ಣೆ, ಜೇನು, ಅಜ್ವಾ ಬೀಜದ ಪುಡಿ ಮಾರುತ್ತಿದ್ದರು. ಸಕ್ಕರೆ ಕಾಯಿಲೆಗೆ ಒಂದು ಡಬ್ಬಿ, ಬಿಪಿಗೆ ಒಂದು, ಮಂಡಿ ನೋವಿಗೆ ಒಂದು. 'ಇದು ಸುನ್ನತ್, ಇದರಲ್ಲಿ ಅಡ್ಡಪರಿಣಾಮವಿಲ್ಲ, ಇಂಗ್ಲಿಷ್ ಮಾತ್ರೆ ಬಿಟ್ಟುಬಿಡಿ' ಎಂಬ ಮಾತೂ ಕೇಳಿಸಿತು. ಒಳಗೆ ಕೇಳಿದ ಹದೀಸಿಗೆ ಕಾಸು ಬೇಡ, ಹೊರಗಿನ ಡಬ್ಬಿಗೆ ಐನೂರು ರೂಪಾಯಿ. ಜನ ನಿಂತದ್ದು ಮೇಜಿನ ಮುಂದೆ.

ನಮ್ಮ ಮೊಹಲ್ಲಾದಲ್ಲೇ ಒಬ್ಬ ಹಿರಿಯರು ಹೀಗೆ ಇನ್ಸುಲಿನ್ ನಿಲ್ಲಿಸಿ ಆರು ತಿಂಗಳು ಪುಡಿ ನಂಬಿಕೊಂಡಿದ್ದರು. ಕಾಲಿನ ಗಾಯ ಮಾಯದೆ ಎರಡು ಬೆರಳು ತೆಗೆಸಬೇಕಾಯಿತು. ಅವರ ಈಮಾನಿನಲ್ಲಿ ಕೊರತೆ ಇರಲಿಲ್ಲ, ಪ್ರವಾದಿವರ್ಯರ(ಸ) ಮೇಲಿನ ಪ್ರೀತಿಯಿಂದಲೇ ಅವರು ಹಾಗೆ ಮಾಡಿದ್ದು. ಆದ್ದರಿಂದಲೇ ಈ ಲೇಖನ. ಆಹಾರದಿಂದ, ನಿದ್ದೆಯಿಂದ, ನಡಿಗೆಯಿಂದ ಆರೋಗ್ಯ ಉಳಿಸಿಕೊಳ್ಳುವ ಒಂದು ದೊಡ್ಡ ವಿದ್ಯೆ ಮುಸ್ಲಿಮ್ ಸಮಾಜದಲ್ಲಿ ನಿಜವಾಗಿಯೂ ಇತ್ತು. ಅದು ಡಬ್ಬಿಯಲ್ಲಿ ಇರಲಿಲ್ಲ. ಅದು ಎಲ್ಲಿತ್ತು, ಹೇಗೆ ಬೆಳೆಯಿತು ಎಂಬುದನ್ನು ಇತಿಹಾಸದಲ್ಲಿ ಹುಡುಕೋಣ.

ಮೊದಲು ಮದೀನಾ. ಉಮ್ಮುಲ್ ಮುಂದಿರ್(ರ) ಎಂಬ ಅನ್ಸಾರಿ ಮಹಿಳೆಯ ಮನೆಗೆ ಪ್ರವಾದಿವರ್ಯರು(ಸ) ಒಮ್ಮೆ ಬಂದಿದ್ದರು, ಜೊತೆಗೆ ಹಝ್ರತ್ ಅಲಿ(ರ). ಮನೆಯಲ್ಲಿ ಖರ್ಜೂರದ ಗೊನೆಗಳು ತೂಗುತ್ತಿದ್ದವು. ಪ್ರವಾದಿವರ್ಯರು(ಸ) ತಿನ್ನತೊಡಗಿದರು, ಅಲಿಯವರೂ(ರ) ಕೈ ಹಾಕಿದರು. ಆದರೆ ಅಲಿ(ರ) ಆಗಷ್ಟೇ ಕಾಯಿಲೆಯಿಂದ ಎದ್ದವರು. ಪ್ರವಾದಿವರ್ಯರು(ಸ) ಅವರನ್ನು ತಡೆದರು. ಆ ಬಳಿಕ ಉಮ್ಮುಲ್ ಮುಂದಿರ್(ರ) ಬಾರ್ಲಿಯನ್ನೂ ಬೀಟ್‌ರೂಟ್ ಜಾತಿಯ ಒಂದು ಸೊಪ್ಪನ್ನೂ ಬೇಯಿಸಿ ತಂದಾಗ, ನಿಮಗೆ ಇದು ಹೆಚ್ಚು ಹಿತ ಎಂದು ಅಲಿಯವರಿಗೆ(ರ) ಹೇಳಿದರು. ಖರ್ಜೂರ ಬರಕತ್ತಿನ ಆಹಾರ ಎಂದು ಕಲಿಸಿದವರೇ ಆ ಹೊತ್ತಿನಲ್ಲಿ, ಆ ವ್ಯಕ್ತಿಗೆ, ಖರ್ಜೂರ ಬೇಡ ಎಂದರು. ಪಥ್ಯ ಎನ್ನುವುದು ಇದನ್ನೇ. ವಸ್ತು ಒಳ್ಳೆಯದೆಂದ ಮಾತ್ರಕ್ಕೆ ಎಲ್ಲರಿಗೂ ಎಲ್ಲ ಹೊತ್ತಿಗೂ ಒಳ್ಳೆಯದಲ್ಲ.

ಇನ್ನೊಂದು ಘಟನೆ ಸಅದ್ ಬಿನ್ ಅಬೀ ವಕ್ಕಾಸ್‌ರದ್ದು(ರ). ಅವರಿಗೆ ಕಾಯಿಲೆಯಾದಾಗ ಪ್ರವಾದಿವರ್ಯರು(ಸ) ನೋಡಲು ಹೋಗಿ ಎದೆಯ ಮೇಲೆ ಕೈಯಿಟ್ಟರು, ಇದು ಹೃದಯದ ತೊಂದರೆ ಎಂದರು, ಸಕೀಫ್ ಬುಡಕಟ್ಟಿನ ಹಾರಿಸ್ ಬಿನ್ ಕಲದಾ ಎಂಬವರ ಬಳಿ ಹೋಗಿ, ಆತ ವೈದ್ಯ ಬಲ್ಲವನು ಎಂದು ಕಳಿಸಿದರು. ಅದೇ ಹದೀಸಿನಲ್ಲಿ ಏಳು ಅಜ್ವಾ ಖರ್ಜೂರಗಳ ಮಾತೂ ಇದೆ. ಮೇಜಿನವರು ಅಜ್ವಾದ ಭಾಗವನ್ನು ಹೇಳುತ್ತಾರೆ, ತಬೀಬನ ಭಾಗವನ್ನು ಬಿಡುತ್ತಾರೆ. ಹಾರಿಸ್ ಇಸ್ಲಾಮ್ ಸ್ವೀಕರಿಸಿದ್ದರೋ ಇಲ್ಲವೋ ಎಂಬ ಬಗ್ಗೆ ನಮ್ಮ ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯವಿದೆ. ಚಿಕಿತ್ಸೆಗೆ ಕಳಿಸುವಾಗ ಅದು ಮುಖ್ಯವಾಗಲಿಲ್ಲ.

ದುಃಖದಲ್ಲಿರುವವರಿಗೆ ಹಝ್ರತ್ ಆಯಿಶಾ(ರ) ತಲ್‌ಬೀನಾ ಮಾಡಿಕೊಡಲು ಹೇಳುತ್ತಿದ್ದರು. ಬಾರ್ಲಿ ಹಿಟ್ಟಿನ ತೆಳು ಗಂಜಿ ಅದು. ಸಾವಾದ ಮನೆಯಲ್ಲಿ ಬಂದವರೆಲ್ಲ ಹೋಗಿ ಮನೆಯವರಷ್ಟೇ ಉಳಿದಾಗ ಅದನ್ನು ಬೇಯಿಸಿಸುತ್ತಿದ್ದರೆಂದು ಬುಖಾರಿಯಲ್ಲಿದೆ. ನಮ್ಮಲ್ಲಿ ಸಾವಿನ ಮನೆಗೆ ಈಗ ಬಿರಿಯಾನಿಯ ಡೇಗ್ ಬರುತ್ತದೆ. ಅಳುತ್ತಿರುವವರ ಗಂಟಲಲ್ಲಿ ಯಾವುದು ಇಳಿದೀತು ಎಂದು ಯೋಚಿಸಿದವರು ಆಯಿಶಾ(ರ).

ಹಿಜರಿ 18ರಲ್ಲಿ, ಅಂದರೆ ಕ್ರಿ.ಶ. 639ರಲ್ಲಿ, ಶಾಮ್ ಪ್ರದೇಶದಲ್ಲಿ ಅಮ್ವಾಸ್ ಪ್ಲೇಗ್ ಹಬ್ಬಿತು. ಖಲೀಫ ಉಮರ್(ರ) ಆಗ ಶಾಮ್‌ಗೆ ಹೊರಟಿದ್ದರು. ಸರ್ಗ್ ಎಂಬಲ್ಲಿ ಸುದ್ದಿ ತಿಳಿದು ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಅಬೂ ಉಬೈದಾ(ರ) ಕೇಳಿದಾಗ, ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರ ಕೊಟ್ಟರು. ಆಮೇಲೆ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ಪ್ಲೇಗ್ ಇರುವ ಊರಿಗೆ ಹೋಗಬಾರದು, ಇದ್ದ ಊರಿನಿಂದ ಓಡಬಾರದು ಎಂಬ ಪ್ರವಾದಿ(ಸ) ವಚನವನ್ನು ನೆನಪಿಸಿದರು. ತವಕ್ಕುಲ್ ಎಂದರೆ ಎಚ್ಚರಿಕೆ ಬಿಡುವುದು ಎಂದು ಸಹಾಬಿಗಳು ತಿಳಿದಿರಲಿಲ್ಲ.

ಇಷ್ಟು ಬೀಜ. ಮರವಾದದ್ದು ಬಗ್ದಾದಿನಲ್ಲಿ. ಅಬ್ಬಾಸಿ ಖಲೀಫರ ಕಾಲದಲ್ಲಿ ಗ್ರೀಕ್, ಸುರಿಯಾನಿ, ಪಾರ್ಸಿ, ಸಂಸ್ಕೃತ ವೈದ್ಯಗ್ರಂಥಗಳು ಅರಬಿಗೆ ಬಂದವು. ಇವರಲ್ಲಿ ದೊಡ್ಡ ಹೆಸರು ಹುನೈನ್ ಬಿನ್ ಇಸ್‌ಹಾಕ್ (809–873). ಹೀರಾ ಪಟ್ಟಣದ ಕ್ರೈಸ್ತ, ಗ್ರೀಕ್ ವೈದ್ಯ ಗ್ಯಾಲೆನ್‌ನ ಕೃತಿಗಳನ್ನು ಭಾಷಾಂತರಿಸಿದವರು. ನಾವು ಯೂನಾನಿ ಎಂದು ಕರೆಯುವ ಪದ್ಧತಿಯ ಹೆಸರಿನಲ್ಲೇ ಅದರ ಮೂಲ ಇದೆ: ಯೂನಾನ್ ಎಂದರೆ ಗ್ರೀಸ್. ದೇಹದಲ್ಲಿ ನಾಲ್ಕು ದ್ರವಗಳಿವೆ, ಅವುಗಳ ಸಮತೋಲ ಕೆಟ್ಟರೆ ರೋಗ ಎಂಬುದು ಆ ಪದ್ಧತಿಯ ಅಡಿಪಾಯ. ಅದನ್ನು ಇಂದಿನ ವೈದ್ಯವಿಜ್ಞಾನ ಒಪ್ಪುವುದಿಲ್ಲ. ಆದರೆ ಹುನೈನ್ ಮತ್ತು ಅವರ ನಂತರದವರು ಕಲಿಸಿದ ಇನ್ನೊಂದು ಪಟ್ಟಿ ಇದೆ, 'ಅಸ್‌ಬಾಬೆ ಸಿತ್ತಾ ಝರೂರಿಯಾ', ಅಂದರೆ ಯಾರೂ ತಪ್ಪಿಸಿಕೊಳ್ಳಲಾಗದ ಆರು ಕಾರಣಗಳು. ಗಾಳಿ. ಅನ್ನಪಾನ. ದೇಹದ ದುಡಿಮೆ ಮತ್ತು ವಿಶ್ರಾಂತಿ. ಮನಸ್ಸಿನ ದುಡಿಮೆ ಮತ್ತು ವಿಶ್ರಾಂತಿ. ನಿದ್ದೆ ಮತ್ತು ಎಚ್ಚರ. ದೇಹದಿಂದ ಹೋಗಬೇಕಾದದ್ದು ಹೋಗುವುದು, ಉಳಿಯಬೇಕಾದದ್ದು ಉಳಿಯುವುದು. ಈ ಆರು ಹದ್ದಿನಲ್ಲಿದ್ದರೆ ಆರೋಗ್ಯ, ಹದ್ದು ಮೀರಿದರೆ ಕಾಯಿಲೆ. ಈ ಪಟ್ಟಿ ಇನ್ನೂ ಹಳತಾಗಿಲ್ಲ.

ಗಮನಿಸಿ, ಆರರಲ್ಲಿ ಔಷಧ ಎಲ್ಲೂ ಇಲ್ಲ. ಔಷಧ ಬರುವುದು ಆರೂ ಕೆಟ್ಟ ಮೇಲೆ.

ರಯ್ ಪಟ್ಟಣದ ಅಬೂಬಕರ್ ರಾಝೀ (865–925) ಇದನ್ನು ಅಡುಗೆಮನೆಯವರೆಗೂ ತಂದರು. ಆಹಾರಗಳ ಪ್ರಯೋಜನ ಮತ್ತು ಅವುಗಳ ಕೆಡುಕನ್ನು ನಿವಾರಿಸುವ ಬಗೆಯ ಕುರಿತೇ ಅವರದೊಂದು ಗ್ರಂಥವಿದೆ. ಇನ್ನೊಂದರ ಹೆಸರನ್ನೇ 'ತಬೀಬ್ ಹತ್ತಿರವಿಲ್ಲದವನಿಗೆ' ಎಂದು ಅನುವಾದಿಸಬಹುದು. ಹಳ್ಳಿಯಲ್ಲಿರುವವರಿಗೆ, ಬಡವರಿಗೆ, ಪ್ರಯಾಣಿಕರಿಗೆ ಸುಲಭವಾಗಿ ಸಿಗುವ ಪದಾರ್ಥಗಳಿಂದ ಏನು ಮಾಡಬಹುದೆಂದು ತಿಳಿಸುವ ಪುಸ್ತಕ. ಆಹಾರದಿಂದ ಆಗುವ ಕೆಲಸಕ್ಕೆ ಔಷಧ ಬೇಡ, ಒಂದೇ ಔಷಧದಿಂದ ಆಗುವುದಕ್ಕೆ ಹತ್ತರ ಮಿಶ್ರಣ ಬೇಡ ಎಂಬುದು ಅವರ ಹೆಸರಿನಲ್ಲಿ ಪ್ರಸಿದ್ಧವಾದ ನಿಲುವು. ಬಗ್ದಾದಿನಲ್ಲಿ ಆಸ್ಪತ್ರೆಗೆ ಜಾಗ ಹುಡುಕಲು ಊರಿನ ಬೇರೆಬೇರೆ ಕಡೆ ಮಾಂಸದ ತುಂಡು ತೂಗುಹಾಕಿಸಿ, ಎಲ್ಲಿ ನಿಧಾನವಾಗಿ ಕೊಳೆಯಿತೋ ಅಲ್ಲಿ ಕಟ್ಟಿಸಿದರು ಎಂಬ ಕಥೆಯನ್ನು ನಮ್ಮ ಭಾಷಣಕಾರರು ಇಷ್ಟಪಟ್ಟು ಹೇಳುತ್ತಾರೆ. ಕಥೆ ಚೆನ್ನಾಗಿದೆ, ಆದರೆ ಅದರಲ್ಲಿ ಹೇಳುವ ಆಸ್ಪತ್ರೆ ಕಟ್ಟಿದ್ದು ರಾಝೀ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಈ ಅನುಮಾನವನ್ನು ಎತ್ತಿದವರು ಹದಿಮೂರನೇ ಶತಮಾನದ ಇಬ್ನ್ ಅಬೀ ಉಸೈಬಿಯಾ ಎಂಬ ನಮ್ಮವರೇ ಆದ ಇತಿಹಾಸಕಾರರು. ಕೇಳಿದ್ದನ್ನೆಲ್ಲ ನಂಬದೆ ಪರೀಕ್ಷಿಸುವುದೂ ಆ ಪರಂಪರೆಯದೇ ಭಾಗ. ರಾಝೀಯವರು ಪಾದರಸವನ್ನು ಮೊದಲು ಒಂದು ಕೋತಿಗೆ ಕುಡಿಸಿ ಪರಿಣಾಮ ನೋಡಿದ್ದರು. ತಾನು ಗೌರವಿಸುತ್ತಿದ್ದ ಗ್ಯಾಲೆನ್‌ನ ಮೇಲಿನ ಸಂದೇಹಗಳ ಬಗ್ಗೆಯೂ ಒಂದು ಪುಸ್ತಕ ಬರೆದರು.

ನಮಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಇಬ್ನ್ ಬುತ್ಲಾನ್‌ರ 'ತಕ್‌ವೀಮುಸ್ಸಿಹ್ಹಾ'. ಹನ್ನೊಂದನೇ ಶತಮಾನದ ಬಗ್ದಾದಿನ ಕ್ರೈಸ್ತ ವೈದ್ಯರು ಇವರು. ಖಗೋಳಶಾಸ್ತ್ರಜ್ಞರು ಗ್ರಹಗಳ ಲೆಕ್ಕವನ್ನು ಕೋಷ್ಟಕದಲ್ಲಿ ಬರೆಯುವಂತೆ ಇವರು ಆರೋಗ್ಯವನ್ನು ಕೋಷ್ಟಕದಲ್ಲಿ ಬರೆದರು. ನಲವತ್ತು ಕೋಷ್ಟಕ, ಒಂದೊಂದರಲ್ಲಿ ಏಳು ಬಾಬತ್ತು, ಒಟ್ಟು 280. ಅಂಜೂರ, ದ್ರಾಕ್ಷಿ, ಗೋಧಿ, ಬದನೆ, ಮೀನು, ಹಾಲು ಮಾತ್ರವಲ್ಲ, ನಿದ್ದೆ, ಮಾತುಕತೆ, ಸಂತೋಷ, ಕೋಪ, ಗಾಳಿ, ಋತು ಎಲ್ಲವೂ ಅದರಲ್ಲಿವೆ. ಪ್ರತಿಯೊಂದರ ಮುಂದೆ ಅದರ ಸ್ವಭಾವ, ಅದರಲ್ಲಿ ಯಾವ ಬಗೆ ಒಳ್ಳೆಯದು, ಪ್ರಯೋಜನ ಏನು, ಕೆಡುಕು ಏನು, ಆ ಕೆಡುಕನ್ನು ಕಳೆಯುವುದು ಹೇಗೆ ಎಂಬ ಕಲಮುಗಳು. ಕೆಡುಕಿನ ಕಲಮು ಎಲ್ಲ ವಸ್ತುವಿಗೂ ಇದೆ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅಡ್ಡಪರಿಣಾಮವೇ ಇಲ್ಲದ ಪದಾರ್ಥ ಇಬ್ನ್ ಬುತ್ಲಾನ್‌ರಿಗೆ ಗೊತ್ತಿರಲಿಲ್ಲ. ಈ ಪುಸ್ತಕ ಹದಿಮೂರನೇ ಶತಮಾನದಲ್ಲಿ ಲ್ಯಾಟಿನ್‌ಗೆ ಹೋಯಿತು. 'ತಕ್‌ವೀಮ್' ಎಂಬ ಅರಬಿ ಪದ ಯುರೋಪಿನಲ್ಲಿ 'ಟಕುಯಿನಮ್' ಆಯಿತು. ಹದಿನಾಲ್ಕನೇ ಶತಮಾನದ ಕೊನೆಯಲ್ಲಿ ಉತ್ತರ ಇಟಲಿಯ ಶ್ರೀಮಂತರಿಗಾಗಿ ಅದರ ಸಚಿತ್ರ ಪ್ರತಿಗಳು ತಯಾರಾದವು. ಪಾಲಕ್ ಕೀಳುವ ಹೆಂಗಸು, ಬದನೆ ತೋಟ, ಅಕ್ಕಿ ಅಳೆಯುವ ಅಂಗಡಿ, ಇಂಥ ಚಿತ್ರಗಳಿರುವ ಆ ಪ್ರತಿಗಳು ಇಂದಿಗೂ ವಿಯೆನ್ನಾ, ಪ್ಯಾರಿಸ್‌ಗಳ ಗ್ರಂಥಾಲಯಗಳಲ್ಲಿವೆ.

ಮನಸ್ಸಿನ ಭಾಗಕ್ಕೆ ಬಲ್ಖ್‌ನ ಅಬೂ ಝೈದ್ ಬಲ್ಖೀಯವರನ್ನು ನೆನೆಯಬೇಕು. 934ರಲ್ಲಿ ತೀರಿಕೊಂಡ ಇವರು ದೇಹ ಮತ್ತು ಆತ್ಮಗಳ ಹಿತದ ಕುರಿತು ಬರೆದ ಗ್ರಂಥದಲ್ಲಿ ಎರಡು ಭಾಗಗಳಿವೆ. ವೈದ್ಯರು ದೇಹದ ಬಗ್ಗೆಯೇ ಬರೆಯುತ್ತಾರೆ, ಮನಸ್ಸಿನ ಕಾಯಿಲೆ ಬರೆಯುವವರಿಲ್ಲ ಎಂಬ ದೂರಿನೊಂದಿಗೆ ಎರಡನೇ ಭಾಗದಲ್ಲಿ ಕೋಪ, ಭಯ, ದುಃಖ ಮತ್ತು ವಸ್‌ವಸ್, ಅಂದರೆ ಬಿಡದೆ ಕಾಡುವ ಯೋಚನೆಗಳ ಬಗ್ಗೆ ಒಂದೊಂದಾಗಿ ಬರೆದಿದ್ದಾರೆ. ಸಾವಿರದ ನೂರು ವರ್ಷಗಳ ಹಿಂದೆ ಒಬ್ಬ ಮುಸ್ಲಿಮ್ ವಿದ್ವಾಂಸರು ಇದನ್ನು ಕಾಯಿಲೆ ಎಂದು ಗುರುತಿಸಿದ್ದರು. ಇಂದಿಗೂ ನಮ್ಮಲ್ಲಿ ಬಾಣಂತಿ ಮಂಕಾಗಿ ಕೂತರೆ, ಹುಡುಗ ಕೋಣೆ ಬಿಟ್ಟು ಬಾರದಿದ್ದರೆ, 'ಗಾಳಿ ಸೋಕಿದೆ' ಎಂದು ತಾಯತ ಕಟ್ಟಿಸಿ ಸುಮ್ಮನಾಗುವ ಮನೆಗಳಿವೆ.

ನಡಿಗೆಯ ವಿಷಯ. ಇಬ್ನ್ ಸೀನಾ (980–1037) ಐದು ಸಂಪುಟಗಳ 'ಕಾನೂನ್'ನ ಮೊದಲ ಸಂಪುಟದಲ್ಲೇ ಆರೋಗ್ಯಪಾಲನೆಯ ದೊಡ್ಡ ಭಾಗವನ್ನು ಇಟ್ಟರು. ಅದರಲ್ಲಿ ವ್ಯಾಯಾಮಕ್ಕೆ ಮೊದಲ ಸ್ಥಾನ, ಆಮೇಲೆ ಆಹಾರ, ಆಮೇಲೆ ನಿದ್ದೆ. ವೇಗದ ನಡಿಗೆ, ಬಿಲ್ಲು, ಕುದುರೆ ಸವಾರಿ ಎಲ್ಲವನ್ನೂ ವ್ಯಾಯಾಮವೆಂದು ಎಣಿಸಿದರು. ದುರ್ಬಲರಿಗೆ ಉಯ್ಯಾಲೆ, ದೋಣಿಯ ಪ್ರಯಾಣವೂ ಸಾಕು ಎಂದರು. ಹದೀಸಿನಲ್ಲಿ ಬನೂ ಸಲಮಾ ಜನರ ಪ್ರಸಂಗವಿದೆ. ಅವರ ಕೇರಿ ಮಸ್ಜಿದುನ್ನಬವಿಯಿಂದ ದೂರ, ಹತ್ತಿರಕ್ಕೆ ಬಂದು ನೆಲೆಸಬೇಕೆಂದುಕೊಂಡಿದ್ದರು. ಇದ್ದಲ್ಲೇ ಇರಿ, ನಿಮ್ಮ ಹೆಜ್ಜೆಗಳು ದಾಖಲಾಗುತ್ತವೆ ಎಂದು ಪ್ರವಾದಿವರ್ಯರು(ಸ) ತಿಳಿಸಿದರು. ಅದು ಪುಣ್ಯದ ಮಾತು, ವ್ಯಾಯಾಮದ ಮಾತಲ್ಲ, ನಿಜ. ಆದರೂ ಮುನ್ನೂರು ಮೀಟರ್ ದೂರದಿಂದ ಬೈಕ್ ಏರಿ ಫಜ್ರ್‌ಗೆ ಬರುವ ನಾವು ಎರಡನ್ನೂ ಕಳೆದುಕೊಳ್ಳುತ್ತಿದ್ದೇವೆ. ಇಶಾ ಬಳಿಕದ ಹರಟೆ ಪ್ರವಾದಿವರ್ಯರಿಗೆ(ಸ) ಇಷ್ಟವಿರಲಿಲ್ಲ ಎಂಬುದೂ ಬುಖಾರಿಯಲ್ಲಿದೆ. ಈಗ ಹರಟೆಯ ಜಾಗದಲ್ಲಿ ಮೊಬೈಲ್ ಇದೆ.

ಈ ವಿದ್ಯೆ ನಮ್ಮ ನೆಲಕ್ಕೂ ಬಂತು. ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ (ಆಳ್ವಿಕೆ 1436–1458) ಬೀದರಿನಲ್ಲಿ ದೊಡ್ಡ ದಾರುಶ್ಶಿಫಾ ಕಟ್ಟಿಸಿ, ರೋಗಿಗಳ ಊಟ ಔಷಧದ ಖರ್ಚಿಗೆಂದು ಹಳ್ಳಿಗಳ ಆದಾಯವನ್ನು ಬಿಟ್ಟುಕೊಟ್ಟರು, ಮುಸ್ಲಿಮ್ ಹಕೀಮರನ್ನೂ ಹಿಂದೂ ವೈದ್ಯರನ್ನೂ ನೇಮಿಸಿದರು ಎಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾರೆ. ಒಂದೇ ಸೂರಿನಡಿ ಹಕೀಮರೂ ವೈದ್ಯರೂ. 1512ರಲ್ಲಿ ಸಿಕಂದರ್ ಲೋದಿಯ ಮಂತ್ರಿ ಮಿಯಾ ಭುವಾ ಸಂಸ್ಕೃತ ವೈದ್ಯಗ್ರಂಥಗಳನ್ನು ಆಧರಿಸಿ ಪಾರ್ಸಿಯಲ್ಲಿ 'ಮಅದನುಶ್ಶಿಫಾ' ತಯಾರಿಸಿದರು. ಫಿರಿಶ್ತಾ 1589ರಲ್ಲಿ ಬಿಜಾಪುರಕ್ಕೆ ಬಂದು ಎರಡನೇ ಇಬ್ರಾಹೀಮ್ ಆದಿಲ್ ಶಾಹನ ಆಸ್ಥಾನ ಸೇರಿದವರು. ಅವರನ್ನು ನಾವು ಇತಿಹಾಸಕಾರರೆಂದೇ ಬಲ್ಲೆವು. ಆದರೆ ಭಾರತೀಯ ವೈದ್ಯಪದ್ಧತಿಯನ್ನು ಪಾರ್ಸಿ ಓದುಗರಿಗೆ ತಿಳಿಸುವ 'ದಸ್ತೂರುಲ್ ಅತಿಬ್ಬಾ' ಎಂಬ ಗ್ರಂಥವೂ ಅವರದೇ. ಈ ನೆಲದ ಗಿಡ, ಬೇರು, ಸೊಪ್ಪು ಈ ನೆಲದವರಿಗೆ ಚೆನ್ನಾಗಿ ಗೊತ್ತು, ಅವರಿಂದ ಕಲಿಯಬೇಕು ಎಂಬ ವಿನಯ ಅಂಥ ಕೆಲಸದ ಹಿಂದೆ ಇರದೆ ಸಾಧ್ಯವಿಲ್ಲ. ನಮ್ಮ ಮನೆಗಳ ರಾಗಿ ಗಂಜಿ, ಹುರುಳಿ ಸಾರು, ನುಗ್ಗೆ ಸೊಪ್ಪು ಯಾವ ಅರಬಿ ಪುಸ್ತಕದಿಂದಲೂ ಬಂದದ್ದಲ್ಲ. ಹಲಾಲೂ ಹೌದು, ಹಿತವೂ ಹೌದು.

ಇಪ್ಪತ್ತನೇ ಶತಮಾನದಲ್ಲಿ ಹಕೀಮ್ ಅಜ್ಮಲ್ ಖಾನ್ (1868–1927) ಇದೇ ದಾರಿಯಲ್ಲಿ ನಡೆದರು. ದಿಲ್ಲಿಯ ಅವರ ಕಾಲೇಜಿನಲ್ಲಿ ಯೂನಾನಿ ಮತ್ತು ಆಯುರ್ವೇದ ಎರಡನ್ನೂ ಕಲಿಸುವ ವ್ಯವಸ್ಥೆಯಾಯಿತು. 1921ರ ಫೆಬ್ರವರಿ 13ರಂದು ಅದನ್ನು ಉದ್ಘಾಟಿಸಿದವರು ಗಾಂಧೀಜಿ. ಹಳೆಯ ಔಷಧಗಳನ್ನು ಹೊಸ ವಿಜ್ಞಾನದ ಒರೆಗೆ ಹಚ್ಚಬೇಕು ಎಂದು ಹಕೀಮರು ಹಟ ಹಿಡಿದಿದ್ದರು. ಅವರು ಪ್ರೋತ್ಸಾಹಿಸಿದ ರಸಾಯನಶಾಸ್ತ್ರಜ್ಞ ಸಲೀಮುಝ್ಝಮಾನ್ ಸಿದ್ದೀಕಿ 1931ರಲ್ಲಿ ಸರ್ಪಗಂಧದ ಬೇರಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ ಅದಕ್ಕೆ ಅಜ್ಮಲೀನ್ ಎಂದು ಗುರುವಿನ ಹೆಸರಿಟ್ಟರು. ಹೃದಯದ ಬಡಿತಕ್ಕೆ ಸಂಬಂಧಿಸಿದ ಚಿಕಿತ್ಸೆಯಲ್ಲಿ ಅದು ಇಂದಿಗೂ ಹೆಸರಿರುವ ವಸ್ತು. ಬೆಂಗಳೂರಿನಲ್ಲಿ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯೂನಾನಿ ವೈದ್ಯಕೀಯ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ಯೂನಾನಿ ಚಿಕಿತ್ಸೆ ಬೇಕೆನ್ನುವವರು ಕಲಿತ ಹಕೀಮರಿರುವ ಅಂಥ ಕಡೆಗೆ ಹೋಗಬಹುದು.

ಹಾಗಾದರೆ ಕಲೋಂಜಿ, ಜೇನು? ಅವುಗಳ ಬಗ್ಗೆ ಹದೀಸ್‌ಗಳಿವೆ, ನಮಗೆ ಅವು ಪ್ರೀತಿಯವು. ಅವುಗಳನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದರಲ್ಲಿ ವಿದ್ವಾಂಸರು ಒಂದೇ ಅಭಿಪ್ರಾಯದವರಾಗಿರಲಿಲ್ಲ. 1350ರಲ್ಲಿ ನಿಧನರಾದ ಇಬ್ನುಲ್ ಕಯ್ಯಿಮ್ ಪ್ರವಾದಿ ವೈದ್ಯದ ಬಗ್ಗೆ ವಿಸ್ತಾರವಾಗಿ, ಭಕ್ತಿಯಿಂದ ಬರೆದರು. ಆದರೂ ರೋಗಿಯ ಪ್ರಕೃತಿ, ವಯಸ್ಸು, ಊರು, ಋತು, ಪ್ರಮಾಣ ನೋಡಿಯೇ ಔಷಧ ಕೊಡಬೇಕೆಂದರು. ಅದೇ ಶತಮಾನದ ಇಬ್ನ್ ಖಲ್ದೂನ್ ತಮ್ಮ 'ಮುಕದ್ದಿಮಾ'ದಲ್ಲಿ ಇನ್ನೂ ನೇರವಾಗಿ, ಪ್ರವಾದಿವರ್ಯರು(ಸ) ಕಳಿಸಲ್ಪಟ್ಟದ್ದು ಶರೀಅತ್ ಕಲಿಸಲು, ವೈದ್ಯ ಕಲಿಸಲು ಅಲ್ಲ. ಆ ಚಿಕಿತ್ಸೆಗಳು ಅರಬರ ರೂಢಿಯವು. ಬರಕತ್ತಿನ ನಂಬಿಕೆಯಿಂದ ಬಳಸಿದರೆ ಪ್ರಯೋಜನವಿದೆ ಎಂದು ಬರೆದರು. ಇಬ್ಬರಲ್ಲಿ ಯಾರನ್ನು ಒಪ್ಪಿದರೂ ಇನ್ಸುಲಿನ್ ಬಿಡಿ ಎಂಬ ಮಾತು ಹೊರಡುವುದಿಲ್ಲ. ಕಲೋಂಜಿಯ ಮೇಲೆ ಇತ್ತೀಚೆಗೆ ಸಂಶೋಧನೆಗಳು ನಡೆದಿವೆ. ಔಷಧದ ಜೊತೆಗೆ ತೆಗೆದುಕೊಂಡಾಗ ಸಕ್ಕರೆ, ಕೊಬ್ಬು ಸ್ವಲ್ಪ ಇಳಿದದ್ದು ಕೆಲವುಗಳಲ್ಲಿ ಕಂಡಿದೆ. ಜೊತೆಗೆ, ಬದಲಿಗೆ ಅಲ್ಲ. ಜೇನು ಎಷ್ಟೇ ಶುದ್ಧವಾದರೂ ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಅದು ಸಕ್ಕರೆಯೇ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸುವುದು ಅಪಾಯ ಎನ್ನುತ್ತಾರೆ ಮಕ್ಕಳ ವೈದ್ಯರು. ತಹ್‌ನೀಕ್‌ನ ಹದೀಸ್‌ಗಳಲ್ಲಿ ಬರುವುದು ಖರ್ಜೂರ ಎಂಬುದನ್ನೂ ಅಜ್ಜಿಯಂದಿರಿಗೆ ಮೆಲ್ಲಗೆ ಹೇಳಬಹುದು.

ಪೂರಕ ಮಾತ್ರೆಗಳ ವಿಷಯದಲ್ಲೂ ಇಷ್ಟೇ. ಗರ್ಭಿಣಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ಬಿಡಬಾರದು. ಹೆಚ್ಚಾಗಿ ಮನೆಯೊಳಗೇ ಇರುವವರಿಗೆ ಬಿಸಿಲು ಸಾಲದೆ ವಿಟಮಿನ್ ಡಿ ಕಡಿಮೆಯಾಗಬಹುದು. ಮೆಟ್‌ಫಾರ್ಮಿನ್ ಬಹುಕಾಲ ನುಂಗುವವರಲ್ಲಿ ಬಿ12 ಇಳಿಯುವುದುಂಟು. ಇವು ರಕ್ತಪರೀಕ್ಷೆಯಲ್ಲಿ ತಿಳಿಯುತ್ತವೆ, ಕೊರತೆ ಇದ್ದರೆ ವೈದ್ಯರು ಬರೆದುಕೊಡುತ್ತಾರೆ. ಕೊರತೆಯಿಲ್ಲದವರು ಜಾಹೀರಾತು ನೋಡಿ ನುಂಗುವುದು ಇಸ್ರಾಫ್. ಕುರ್‌ಆನ್ ತಿನ್ನಲು ಕುಡಿಯಲು ಅನುಮತಿ ಕೊಟ್ಟ ಬೆನ್ನಿಗೇ ಅತಿಯನ್ನು ತಡೆದಿದೆ, ಆ ತಡೆ ಮಾತ್ರೆಗೂ ಅನ್ವಯಿಸುತ್ತದೆ.

ಇನ್ನು ಮೇಜು ಹಾಕಿದವರ ಹೊಣೆ. ವೈದ್ಯ ತಿಳಿದವನೆಂದು ಹೆಸರಿಲ್ಲದೆ ಚಿಕಿತ್ಸೆ ಮಾಡಿದವನು ಆಗುವ ಹಾನಿಗೆ ಹೊಣೆಗಾರ ಎಂಬ ಹದೀಸ್ ಅಬೂ ದಾವೂದ್‌ನಲ್ಲಿದೆ. ಇದು ಪುಸ್ತಕದಲ್ಲಷ್ಟೇ ಉಳಿಯಲಿಲ್ಲ. ಪೇಟೆಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ತೂಕ ಅಳತೆಯ ಜೊತೆಗೆ ಔಷಧದಂಗಡಿ, ಶರಬತ್ತಿನಂಗಡಿಗಳನ್ನೂ ತಪಾಸಣೆ ಮಾಡುತ್ತಿದ್ದ. ಹನ್ನೆರಡನೇ ಶತಮಾನದ ಶೈಝರೀ ಬರೆದ ಮುಹ್ತಸಿಬರ ಕೈಪಿಡಿಯಲ್ಲಿ ಯಾವ ಔಷಧಕ್ಕೆ ಏನು ಬೆರೆಸಿ ಮೋಸ ಮಾಡುತ್ತಾರೆ, ಅದನ್ನು ಪತ್ತೆಹಚ್ಚುವುದು ಹೇಗೆ ಎಂಬ ವಿವರಗಳಿವೆ.

931ರಲ್ಲಿ ಬಗ್ದಾದಿನಲ್ಲಿ ಒಬ್ಬ ವೈದ್ಯನ ತಪ್ಪಿನಿಂದ ರೋಗಿಯೊಬ್ಬ ಸತ್ತ. ಸುದ್ದಿ ಖಲೀಫ ಮುಕ್ತದಿರ್‌ಗೆ ಮುಟ್ಟಿತು. ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಯಾರೂ ವೈದ್ಯ ಮಾಡಕೂಡದು ಎಂದು ಆಜ್ಞೆಯಾಯಿತು. ಆಸ್ಥಾನ ವೈದ್ಯ ಸಿನಾನ್ ಬಿನ್ ಸಾಬಿತ್‌ರಿಗೆ ಪರೀಕ್ಷೆಯ ಹೊಣೆ. ಆಸ್ಥಾನ ಸೇವೆಯವರನ್ನೂ ಹೆಸರಾಂತರನ್ನೂ ಬಿಟ್ಟು ಎಂಟುನೂರ ಅರವತ್ತಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಕೂತರು. ಅವರಲ್ಲಿ ಗಂಭೀರ ಮುಖದ, ಒಳ್ಳೆಯ ಉಡುಪಿನ ಒಬ್ಬ ಮುದುಕರು ಬಂದರು. ಎಲ್ಲರ ಪರೀಕ್ಷೆ ಮುಗಿದ ಮೇಲೆ ಸಿನಾನ್ ಅವರನ್ನು ಕರೆದು, ನೀವು ಯಾರಲ್ಲಿ ಕಲಿತಿರಿ ಎಂದು ಕೇಳಿದರು. ಮುದುಕರು ತೋಳಿನಿಂದ ಚಿನ್ನದ ನಾಣ್ಯಗಳ ಚೀಲ ತೆಗೆದು ಮುಂದಿಟ್ಟು, ತನಗೆ ಓದು ಬರಹ ಚೆನ್ನಾಗಿ ಬಾರದು, ಆದರೆ ಮನೆತುಂಬ ಮಕ್ಕಳಿದ್ದಾರೆ, ಹೊಟ್ಟೆಪಾಡು ತಪ್ಪಿಸಬೇಡಿ ಎಂದು ಬೇಡಿಕೊಂಡರು. ಸಿನಾನ್ ನಕ್ಕರು. ಗೊತ್ತಿಲ್ಲದ ಕಾಯಿಲೆಗೆ ಕೈ ಹಾಕಬಾರದು, ರಕ್ತ ತೆಗೆಸಬಾರದು, ಭೇದಿಯ ಔಷಧ ಕೊಡಬಾರದು ಎಂಬ ಷರತ್ತು ಹಾಕಿ ಅನುಮತಿ ಕೊಟ್ಟರು. ನಾನು ಇಷ್ಟು ವರ್ಷವೂ ಸಿಕಂಜಬೀನ್ ಮತ್ತು ಗುಲಾಬಿ ಶರಬತ್ತು ದಾಟಿ ಹೋದವನೇ ಅಲ್ಲ ಎಂದರು ಮುದುಕರು. ಮರುದಿನ ಅಂದವಾಗಿ ಉಡುಪು ತೊಟ್ಟ ಒಬ್ಬ ಯುವಕ ಪರೀಕ್ಷೆಗೆ ಬಂದ. ಯಾರಲ್ಲಿ ಕಲಿತೆ ಎಂದು ಸಿನಾನ್ ಕೇಳಿದರು. ನನ್ನ ತಂದೆಯಲ್ಲಿ, ಎಂದ. ತಂದೆ ಯಾರು? ನಿನ್ನೆ ನಿಮ್ಮ ಬಳಿ ಬಂದಿದ್ದ ಮುದುಕರು. ಒಳ್ಳೆಯ ಮನುಷ್ಯ, ನೀನೂ ಅವರ ದಾರಿಯಲ್ಲೇ ಇದ್ದೀಯಾ? ಹೌದು. ಹಾಗಿದ್ದರೆ ಅದನ್ನು ದಾಟಬೇಡ ಎಂದು ಹೇಳಿ ಸಿನಾನ್ ಆತನನ್ನೂ ಕಳಿಸಿಕೊಟ್ಟರು.